ಎಂಜಿನ್ ಎಷ್ಟು ಕೆಜಿ ಎಳೆಯುತ್ತದೆ? ಮನೆಯಲ್ಲೇ ಕಟ್ಟಿದ ವಿಮಾನಗಳ ಹಳೇ ಪ್ರಶ್ನೆ

ಸ್ವಂತ ಶೆಡ್ಡಿನಲ್ಲಿ ಸಣ್ಣ ವಿಮಾನ ಕಟ್ಟುವವರನ್ನು ‘ನಿಮ್ಮ ಎಂಜಿನ್ ಎಷ್ಟು ಥ್ರಸ್ಟ್ (ಎಳೆತ) ಕೊಡುತ್ತದೆ?’ ಎಂದು ಕೇಳಿ ನೋಡಿ. ಒಬ್ಬರು 110 ಕೆಜಿ ಎನ್ನುತ್ತಾರೆ. ಅದೇ ಎಂಜಿನ್, ಅದೇ ಪ್ರೊಪೆಲ್ಲರ್ ಇರುವ ಇನ್ನೊಬ್ಬರು 135 ಎನ್ನುತ್ತಾರೆ. ಮತ್ತೊಬ್ಬರು ಅಳೆದೇ ಇಲ್ಲ, ಮಾರಿದವರು ಕೊಟ್ಟ ಕಾಗದವನ್ನೇ ತೋರಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಅಳೆದ ರೀತಿ ಬೇರೆ, ನೆಲ ಬೇರೆ, ಅವತ್ತಿನ ಗಾಳಿ ಬೇರೆ. ಹೀಗಾಗಿ ಈ ಒಂದು ಸಂಖ್ಯೆಯ ಸುತ್ತ ದೊಡ್ಡ ಗೋಜಲೇ ಬೆಳೆದು ನಿಂತಿದೆ. ಅದನ್ನು ಬಿಡಿಸಬೇಕಾದರೆ ಮೊದಲ ವಿಮಾನದಿಂದಲೇ ಶುರು ಮಾಡಬೇಕು.

1903ರ ನವೆಂಬರ್. ಜಾಗ ಅಮೆರಿಕದ ಕಿಲ್ ಡೆವಿಲ್ ಹಿಲ್ಸ್. ರೈಟ್ ಸಹೋದರರ ವಿಮಾನ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಪೈಲಟ್ ಸೇರಿ 700 ಪೌಂಡ್ ದಾಟಿತ್ತು. ಹಾರಲು ಸುಮಾರು 100 ಪೌಂಡ್ ಥ್ರಸ್ಟ್ ಬೇಕು ಎಂಬುದು ಅವರ ಲೆಕ್ಕ. ನವೆಂಬರ್ 5ರಂದು ಮೊದಲ ಸಲ ಎಂಜಿನ್ ಓಡಿಸಿದಾಗಲೇ ಪ್ರೊಪೆಲ್ಲರ್ ಶಾಫ್ಟುಗಳು ಹಾಳಾದವು. ತಮ್ಮ ಊರು ಡೇಟನ್‌ಗೆ ಕಳಿಸಿ ಸರಿ ಮಾಡಿಸಿ ತರಿಸಿಕೊಂಡರೆ, ಚೈನ್ ಚಕ್ರಗಳ ನಟ್ಟುಗಳು ಸಡಿಲವಾಗತೊಡಗಿದವು. ಸೈಕಲ್ ಅಂಗಡಿಯವರಲ್ಲವೇ, ಟೈರ್ ಅಂಟಿಸುವ ಗಟ್ಟಿ ಅಂಟು ಕರಗಿಸಿ ಹಾಕಿ ಅದನ್ನು ನಿಲ್ಲಿಸಿದರು. ಆಮೇಲೆ ಮರಳು ತುಂಬಿದ ಪೆಟ್ಟಿಗೆ ಕಟ್ಟಿ ಎಳೆತ ಅಳೆದರು. 130 ಪೌಂಡಿಗಿಂತ ಸ್ವಲ್ಪ ಜಾಸ್ತಿ, ಅಂದರೆ 60 ಕೆಜಿಯಷ್ಟು ಬಂತು. ಅಷ್ಟಾದ ಮೇಲೂ ನೆಲದ ಮೇಲಿನ ಓಟದಲ್ಲಿ ಒಂದು ಶಾಫ್ಟ್ ಮತ್ತೆ ಬಿರುಕು ಬಿಟ್ಟಿತು. ಈ ಸಲ ಆರ್ವಿಲ್ ತಾವೇ ಡೇಟನ್‌ಗೆ ಹೋಗಿ, ಟೊಳ್ಳು ಕೊಳವೆಯ ಬದಲು ಗಟ್ಟಿ ಉಕ್ಕಿನ ಶಾಫ್ಟ್ ತಂದರು. ಡಿಸೆಂಬರ್ 17ಕ್ಕೆ ಹಾರಿದರು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನೆಲದ ಮೇಲಿನ ಪರೀಕ್ಷೆ ಅವರಿಗೆ ಸಂಖ್ಯೆಯನ್ನಷ್ಟೇ ಕೊಡಲಿಲ್ಲ. ಗಾಳಿಯಲ್ಲಿ ಮುರಿಯಬೇಕಾಗಿದ್ದ ಶಾಫ್ಟನ್ನು ನೆಲದ ಮೇಲೇ ಮುರಿದು ತೋರಿಸಿತು.

ಮುಂದಿನ ಅರ್ಧ ಶತಮಾನವನ್ನು ಬೇಗ ದಾಟೋಣ. 1920ರ ದಶಕದ ಕೊನೆಯಲ್ಲಿ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ‘ಏರ್ ಕ್ಯಾಂಪರ್’ ಹಾರಿಸಿದರು. 1930ರ ದಶಕದಲ್ಲಿ ಫ್ರಾನ್ಸಿನ ಆಂರಿ ಮಿನ್ಯೆ ಅವರ ‘ಪೂ ದ್ಯು ಸಿಯೆಲ್’ ಎಂಬ ಪುಟ್ಟ ವಿಮಾನ ಯುರೋಪಿನಲ್ಲಿ ಹುಚ್ಚು ಹಿಡಿಸಿತು. ಸಾವುಗಳಾದವು, ನಿರ್ಬಂಧ ಬಂತು. ಅಲ್ಲಿ ತಪ್ಪಿದ್ದು ಎಂಜಿನ್ ಅಲ್ಲ, ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವು. ಅಮೆರಿಕದಲ್ಲೂ ಮನೆಯಲ್ಲಿ ವಿಮಾನ ಕಟ್ಟುವುದಕ್ಕೆ ಬಾಗಿಲು ಬಹುತೇಕ ಮುಚ್ಚಿತ್ತು. 1947ರಲ್ಲಿ ಜಾರ್ಜ್ ಬೊಗಾರ್ಡಸ್ ತಮ್ಮ ‘ಲಿಟಲ್ ಗೀ ಬೀ’ ವಿಮಾನವನ್ನು ಆರೆಗಾನ್‌ನಿಂದ ರಾಜಧಾನಿ ವಾಷಿಂಗ್ಟನ್‌ವರೆಗೆ ಹಾರಿಸಿಕೊಂಡು ಹೋಗಿ ಕೇಳಿದ ಮೇಲೆ ಅದು ನಿಧಾನವಾಗಿ ತೆರೆಯಿತು. 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಅವರ ಇಎಎ, ಅಂದರೆ ಮನೆಯಲ್ಲಿ ವಿಮಾನ ಕಟ್ಟುವವರ ಸಂಘ, ಹುಟ್ಟಿತು.

ಗೋಜಲು ನಿಜವಾಗಿ ಶುರುವಾಗಿದ್ದು ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್‌ಗಳು ವಿಮಾನಕ್ಕೆ ಹತ್ತಿದ ಕಾಲದಲ್ಲಿ. ಪೀಟನ್‌ಪೋಲ್ ಅವರ ಫೋರ್ಡ್ ಎಂಜಿನ್ ಸುಮಾರು 40 ಎಚ್‌ಪಿಯದು. ನಿಧಾನಕ್ಕೆ ತಿರುಗುತ್ತಿತ್ತು, ಆದ್ದರಿಂದ ಉದ್ದನೆಯ ಪ್ರೊಪೆಲ್ಲರ್ ಹಾಕಬಹುದಿತ್ತು. ಫೋಕ್ಸ್‌ವ್ಯಾಗನ್ ಎಂಜಿನ್ ಹಾಗಲ್ಲ. ಅದು ಶಕ್ತಿ ಕೊಡುವುದೇ 3,000 ಆರ್‌ಪಿಎಂ (ನಿಮಿಷಕ್ಕೆ 3,000 ಸುತ್ತು) ದಾಟಿದ ಮೇಲೆ. ಪ್ರೊಪೆಲ್ಲರನ್ನು ಅದರ ಶಾಫ್ಟಿಗೆ ನೇರವಾಗಿ ಕೂರಿಸಿದರೆ ಉದ್ದ 54 ಇಂಚಿನ ಆಸುಪಾಸಿಗೇ ನಿಲ್ಲಬೇಕು. ಅದಕ್ಕಿಂತ ಉದ್ದವಾದರೆ ಎಂಜಿನ್‌ಗೆ ತಿರುಗಿಸಲು ಕಷ್ಟ, ತುದಿಯ ವೇಗವೂ ಶಬ್ದದ ವೇಗದ ಕಡೆಗೆ ಓಡುತ್ತದೆ. ಕಾಗದದ ಮೇಲೆ ಎಚ್‌ಪಿ ಜಾಸ್ತಿ, ಎಳೆತ ಮಾತ್ರ ಅಷ್ಟಕ್ಕಷ್ಟೇ. ಜನ ಗೊಂದಲಕ್ಕೆ ಬಿದ್ದರು.

ಹೊಲದ ಪಂಪ್‌ಸೆಟ್ ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಐದು ಎಚ್‌ಪಿಯ ಒಂದು ಪಂಪು ಆಳದ ಬೋರಿನಿಂದ ಸ್ವಲ್ಪ ನೀರು ಎತ್ತುತ್ತದೆ. ಅಷ್ಟೇ ಎಚ್‌ಪಿಯ ಇನ್ನೊಂದು ಕಾಲುವೆಯಿಂದ ಧಾರಾಳ ನೀರು ಹಾಯಿಸುತ್ತದೆ. ಪ್ರೊಪೆಲ್ಲರಿನ ಕಥೆಯೂ ಇದೇ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದಕ್ಕಿಂತ, ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಅದೇ ಶಕ್ತಿಗೆ ಹೆಚ್ಚು ಎಳೆತ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: 45 ಎಚ್‌ಪಿ, 54 ಇಂಚಿನ ಪ್ರೊಪೆಲ್ಲರ್, ಸಮುದ್ರ ಮಟ್ಟ. ವಿಮಾನ ನಿಂತಲ್ಲೇ ಇದ್ದಾಗ ಸಿದ್ಧಾಂತದ ಪ್ರಕಾರ ಗರಿಷ್ಠ 160 ಕೆಜಿ ಚಿಲ್ಲರೆ. ಅದೇ ಶಕ್ತಿಗೆ 68 ಇಂಚು ಹಾಕಿದರೆ 190. ನಿಜ ಜೀವನದಲ್ಲಿ ಇದರ ಮುಕ್ಕಾಲು ಪಾಲು ಸಿಕ್ಕರೆ ಒಳ್ಳೆಯದು.

1970ರ ದಶಕದ ಕೊನೆಯಲ್ಲಿ ಅಲ್ಟ್ರಾಲೈಟ್ ಎಂಬ ತೀರಾ ಹಗುರ ವಿಮಾನಗಳ ಅಲೆ ಬಂತು. 1982ರಲ್ಲಿ ಅಮೆರಿಕ ‘ಪಾರ್ಟ್ 103’ ನಿಯಮ ತಂದಿತು. 254 ಪೌಂಡಿಗಿಂತ ಕಡಿಮೆ ತೂಕದ, ಒಬ್ಬರೇ ಕೂರುವ ಯಂತ್ರಕ್ಕೆ ಪೈಲಟ್ ಲೈಸೆನ್ಸೂ ಬೇಡ, ಯಂತ್ರಕ್ಕೆ ಪ್ರಮಾಣಪತ್ರವೂ ಬೇಡ. ಹಗುರ ಟೂ ಸ್ಟ್ರೋಕ್ ಎಂಜಿನ್‌ಗಳು ಬಂದವು. ರೋಟ್ಯಾಕ್ಸ್ 503ರಂಥವು 6,500 ಆರ್‌ಪಿಎಂನಲ್ಲಿ ತಿರುಗಿದರೂ 2.58ಕ್ಕೆ 1ರ ಗೇರ್‌ಬಾಕ್ಸ್ ಇಟ್ಟು ಪ್ರೊಪೆಲ್ಲರನ್ನು 2,500ರ ಹತ್ತಿರ ಇಳಿಸುತ್ತಿದ್ದವು. ಆಗ ಉದ್ದನೆಯ ಪ್ರೊಪೆಲ್ಲರ್ ಹಾಕಬಹುದಾಯಿತು, ಎಳೆತ ಏರಿತು. ಎಚ್‌ಪಿಯ ಬದಲು ಥ್ರಸ್ಟ್ ಸಂಖ್ಯೆಯೇ ಮಾರಾಟದ ಮಾತಾಯಿತು. ವಿಮಾನದ ಬಾಲಕ್ಕೆ ಹಗ್ಗ, ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ, ತಕ್ಕಡಿಗೆ ಮರ. ಎಂಜಿನ್ ಪೂರ್ತಿ ತೆರೆ, ಮುಳ್ಳು ಓದು. ಈ ವಿಧಾನವನ್ನು ಯಾವ ಇಲಾಖೆಯೂ ಬರೆದು ಕೊಡಲಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು. ತಪ್ಪುಗಳೂ ಹಾಗೇ ಹರಡಿದವು.

ತಪ್ಪು ಎಲ್ಲಿದೆ ಎಂದು ನೋಡಬೇಕಾದರೆ ಈ ಪರೀಕ್ಷೆಯ ಒಳಗೇ ಇರುವ ಜಗಳ ಅರ್ಥವಾಗಬೇಕು. ಎಳೆತವೆಲ್ಲ ತಕ್ಕಡಿಗೆ ಬರಬೇಕಾದರೆ ಬ್ರೇಕ್ ಬಿಟ್ಟಿರಬೇಕು, ಚಕ್ರದ ಮುಂದೆ ಕಟ್ಟೆ ತಾಗಿರಬಾರದು. ತಾಗಿದ್ದರೆ ಸ್ವಲ್ಪ ಭಾರ ಅಲ್ಲಿಗೆ ಹೋಗುತ್ತದೆ, ಸಂಖ್ಯೆ ಕಡಿಮೆ ಬರುತ್ತದೆ. ಅಂದರೆ ಅಳತೆ ಸರಿಯಾಗಬೇಕಾದರೆ ವಿಮಾನವನ್ನು ಹಿಡಿದಿರುವುದು ಒಂದೇ ಒಂದು ಹಗ್ಗ. ಅದರ ಕೊಕ್ಕೆ ಬಿಚ್ಚಿಕೊಂಡರೆ? ಪೂರ್ತಿ ಶಕ್ತಿಯಲ್ಲಿರುವ ವಿಮಾನ ಮುಂದಿನವರ ಮೇಲೆ ನುಗ್ಗುತ್ತದೆ.

ಇದಕ್ಕೆ ದುಬಾರಿ ಪರಿಹಾರವೇನೂ ಬೇಡ. ಚಕ್ರದ ಮುಂದೆ ಒಂದು ಗೇಣು ಬಿಟ್ಟು ಕಟ್ಟೆ ಇಡಬೇಕು. ಅಳತೆಗೆ ಅಡ್ಡಿಯಿಲ್ಲ, ಹಗ್ಗ ಹೋದರೆ ವಿಮಾನ ಅಲ್ಲೇ ತಡೆಯುತ್ತದೆ. ತಕ್ಕಡಿಯ ಪಕ್ಕದಲ್ಲೇ ಎರಡನೇ ಹಗ್ಗವನ್ನು ಸ್ವಲ್ಪ ಸಡಿಲವಾಗಿ, ಬೇರೆಯದೇ ಗೂಟಕ್ಕೆ ಕಟ್ಟಬೇಕು. ನೈಲಾನ್ ಹಗ್ಗ ಬೇಡವೇ ಬೇಡ. ಅದು ಹಿಗ್ಗಿ ಶಕ್ತಿ ತುಂಬಿಕೊಂಡಿರುತ್ತದೆ, ತುಂಡಾದರೆ ಚಾಟಿಯಂತೆ ಬೀಸುತ್ತದೆ. ಹಿಗ್ಗದ ಹಗ್ಗದ ಮೇಲೂ ದಪ್ಪ ಗೋಣಿಚೀಲ ಹೊದಿಸುವುದು ಒಳ್ಳೆಯದು. ಕಾಕ್‌ಪಿಟ್‌ನಲ್ಲಿ ಎಂಜಿನ್ ಬಲ್ಲ ಒಬ್ಬರು ಇಗ್ನಿಷನ್ ಸ್ವಿಚ್ ಮೇಲೆ ಕೈಯಿಟ್ಟು ಕೂತಿರಲೇಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಬೇಕು. ಪ್ರೊಪೆಲ್ಲರ್ ತಿರುಗುವ ಸಮತಲದಲ್ಲಿ, ಎಡಕ್ಕಾಗಲಿ ಬಲಕ್ಕಾಗಲಿ, ಯಾರೂ ನಿಲ್ಲಬಾರದು. ತುಂಡಾದ ಪ್ರೊಪೆಲ್ಲರ್ ಎಲೆ ಹಾರುವುದು ಆ ಕಡೆಗೇ.

ಇನ್ನು ತಕ್ಕಡಿ ಓದುವುದು. ನನ್ನ ಪ್ರಕಾರ ಅತಿ ದೊಡ್ಡ ಬದಲಾವಣೆ ತಂದದ್ದು ಯಾವ ವಿಮಾನ ಕಂಪನಿಯೂ ಅಲ್ಲ, ಮೂಟೆ ತೂಗುವ ಅಗ್ಗದ ಡಿಜಿಟಲ್ ತೂಗು ಯಂತ್ರ. 300 ಕೆಜಿ ತಾಳುವ, ಕೊಕ್ಕೆ ಇರುವ ಆ ಪೆಟ್ಟಿಗೆಗೆ ಸಂಖ್ಯೆಯನ್ನು ಹಿಡಿದಿಡುವ ‘ಹೋಲ್ಡ್’ ಗುಂಡಿಯೂ ಇರುತ್ತದೆ. ಎದುರಿಗೆ ಒಂದು ಮೊಬೈಲ್ ಇಟ್ಟು ವಿಡಿಯೊ ಹಿಡಿದರೆ ಸಾಕು, ಎಂಜಿನ್ ಆಫ್ ಆದ ಮೇಲೆ ನೋಡಿಕೊಳ್ಳಬಹುದು. ಬಿಗಿದು ನಿಂತ ಹಗ್ಗದ ಪಕ್ಕ ಬಗ್ಗಿ ಮುಳ್ಳು ನೋಡುವ ಕೆಲಸ ಇನ್ನು ಯಾರಿಗೂ ಬೇಕಾಗಿಲ್ಲ. ಆದರೂ ಆ ಅಭ್ಯಾಸ ಪೂರ್ತಿ ಹೋಗಿಲ್ಲ ಎನ್ನುವುದು ಬೇಸರದ ಸಂಗತಿ.

ಎಲ್ಲಿಗೆ ಕಟ್ಟಬೇಕು ಎನ್ನುವುದೂ ಮುಖ್ಯ. ಬಾಲದಲ್ಲಿ ಚಕ್ರವಿರುವ ವಿಮಾನದಲ್ಲಿ ಎಳೆತ ಮೇಲಿದ್ದು ಹಗ್ಗ ಕೆಳಗಿದ್ದರೆ, ಎರಡೂ ಸೇರಿ ಮೂಗನ್ನು ನೆಲಕ್ಕೆ ಒತ್ತುತ್ತವೆ. ಬಾಲ ಏಳದಂತೆ ಕೆಳಕ್ಕೂ ಒಂದು ಕಟ್ಟು ಬೇಕು. ಆ ಕಟ್ಟು ನೆಟ್ಟಗೆ ಕೆಳಕ್ಕಿರಲಿ, ಎಳೆತವನ್ನು ತಾನೇ ಹೊರುವಂತಿರಬಾರದು. ಪ್ರೊಪೆಲ್ಲರ್ ಹಿಂದಿರುವ ಪುಷರ್ ವಿಮಾನಗಳಲ್ಲಿ ಇನ್ನೂ ಕಷ್ಟ. ಹಿಂದಕ್ಕೆ ಹೋಗುವ ಹಗ್ಗ ಪ್ರೊಪೆಲ್ಲರಿಗೆ ಸಿಕ್ಕಿದರೆ ಮುಗಿಯಿತು. ಹಿಂದಿನ ಎರಡೂ ಚಕ್ರಗಳ ಅಚ್ಚಿಗೆ ಸಮನಾಗಿ ಕಟ್ಟಿ, ನೆಲಕ್ಕೆ ಅಂಟಿದಂತೆ ಹಗ್ಗ ಒಯ್ಯಬೇಕು.

ಸಂಖ್ಯೆಗಳು ಯಾಕೆ ಬೇರೆ ಬೇರೆ ಬರುತ್ತವೆ ಎಂಬುದೂ ಇಲ್ಲೇ ಇದೆ. 300 ಕೆಜಿಯ ವಿಮಾನ ನಿಂತ ನೆಲ ಒಂದೇ ಒಂದು ಡಿಗ್ರಿ ಇಳಿಜಾರಿದ್ದರೂ ಐದು ಕೆಜಿ ವ್ಯತ್ಯಾಸ. ಹುಲ್ಲು ನೆಲದಲ್ಲಿ ಚಕ್ರದ ತಡೆಯೇ 15 ಕೆಜಿ ನುಂಗಬಹುದು. ಹಗ್ಗ 20 ಡಿಗ್ರಿ ಓರೆಯಾಗಿದ್ದರೆ ನೂರಕ್ಕೆ ಆರು ಕೆಜಿಯಷ್ಟು ತಪ್ಪು. ಎತ್ತರದ ಲೆಕ್ಕವೂ ಇದೆ. ಬೆಂಗಳೂರಿನ ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಎಂಜಿನ್‌ಗೂ ಕಷ್ಟ, ಪ್ರೊಪೆಲ್ಲರಿಗೂ ಕಷ್ಟ. ಮಂಗಳೂರಿನ ಕಡಲ ತೀರದಲ್ಲಿ ನೂರು ಕೆಜಿ ಎಳೆದದ್ದು ಇಲ್ಲಿ 91ರ ಹತ್ತಿರ ನಿಲ್ಲುತ್ತದೆ. ಏಪ್ರಿಲ್ ಬಿಸಿಲಾದರೆ ಇನ್ನೂ ಕಡಿಮೆ. ಆದ್ದರಿಂದ ಆರ್‌ಪಿಎಂ, ಬಿಸಿ, ಎತ್ತರ ಬರೆದಿಡದ ಥ್ರಸ್ಟ್ ಸಂಖ್ಯೆಯನ್ನು ನಾನು ನಂಬುವುದಿಲ್ಲ.

‘ನಿಂತಲ್ಲಿ ಅಳೆದದ್ದು ಹಾರುವಾಗ ಎಲ್ಲಿ ಸಿಗುತ್ತದೆ?’ ಎಂದು ವಾದಿಸುವವರಿದ್ದಾರೆ. ಮಾತು ಸರಿ. ವೇಗ ಏರಿದಂತೆ ಎಳೆತ ಇಳಿಯುತ್ತದೆ. ವೇಗಕ್ಕೆಂದೇ ಮಾಡಿದ, ಪಿಚ್ (ಎಲೆಗಳ ಓರೆ) ಜಾಸ್ತಿ ಇರುವ ಪ್ರೊಪೆಲ್ಲರ್ ನಿಂತಲ್ಲಿ ಗಾಳಿಯನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಆದರೆ ಅದಕ್ಕೇ ಅಳೆಯುವುದು ಬೇಡ ಎನ್ನುವುದು ಸರಿಯಲ್ಲ, ಅಲ್ವಾ? 300 ಕೆಜಿಯ ವಿಮಾನ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹಾರುತ್ತಾ ಮೇಲೇರುತ್ತಿದೆ ಎನ್ನೋಣ. ಎಳೆತ 85 ಕೆಜಿ, ಗಾಳಿಯ ತಡೆ 40. ಉಳಿದ 45 ಕೆಜಿಯೇ ಅದನ್ನು ಸೆಕೆಂಡಿಗೆ ಕಾಲು ಕಡಿಮೆ ನಾಲ್ಕು, ಅಂದರೆ 3.75 ಮೀಟರ್ ಏರಿಸುತ್ತದೆ. ಎಂಜಿನ್ 20 ಕೆಜಿ ಕಡಿಮೆ ಎಳೆದರೆ ಏರಿಕೆ 2.1ಕ್ಕೆ ಬೀಳುತ್ತದೆ. ರನ್‌ವೇ ತುದಿಯಲ್ಲಿ ತೆಂಗಿನ ತೋಟವಿದ್ದರೆ ಈ ವ್ಯತ್ಯಾಸ ಜೀವದ್ದು.

ಅಮೆರಿಕದ ವಿಮಾನಯಾನ ಆಡಳಿತ 1989ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಪರೀಕ್ಷೆಗೆಂದೇ ಕೈಪಿಡಿ ತಂದಿತು. ಮುಂದೆ ಅದನ್ನು ತಿದ್ದುತ್ತಾ ಬಂದಿತು. ಮೂಗು ಮೇಲೆತ್ತಿ ನಿಲ್ಲಿಸಿ ಇಂಧನ ಎಷ್ಟು ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆಗೆ ಅದರಲ್ಲಿ ಒಳ್ಳೆಯ ಜಾಗವಿದೆ. 2012ರಲ್ಲಿ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಇಂಥ ವಿಮಾನಗಳ ಬಗ್ಗೆಯೇ ಅಧ್ಯಯನ ಪ್ರಕಟಿಸಿತು. ಎಂಜಿನ್ ಕೈಕೊಟ್ಟದ್ದು, ನಿಯಂತ್ರಣ ತಪ್ಪಿದ್ದು ಇವೆರಡೇ ಮುಂದಿದ್ದವು. ಇಂಧನ ವ್ಯವಸ್ಥೆಯ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕೆಂದು ಅದು ಶಿಫಾರಸು ಮಾಡಿತು. ಇಂಧನಕ್ಕೆ ಸಿಕ್ಕ ಈ ಗಮನ ಎಳೆತಕ್ಕೂ ಸಿಗಬೇಕು. ಎರಡನ್ನೂ ಒಂದೇ ಮಧ್ಯಾಹ್ನ ಮುಗಿಸಬಹುದು.

ಈಗ ವಿದ್ಯುತ್ ಮೋಟಾರುಗಳು ಬರುತ್ತಿವೆ, ಹೊಸ ತೊಡಕು ತಂದಿವೆ. ಪೆಟ್ರೋಲ್ ಎಂಜಿನ್ ಓಡುತ್ತಿದ್ದರೆ ಕಿವಿಗೆ ಗೊತ್ತಾಗುತ್ತದೆ. ಮೋಟಾರ್ ಸದ್ದಿಲ್ಲದೆ ಸಜ್ಜಾಗಿ ನಿಂತಿರುತ್ತದೆ, ಒಂದು ಬಟನ್ ತಾಗಿದರೆ ಪೂರ್ತಿ ಎಳೆತ. ಹಗ್ಗ ಕಟ್ಟಿ, ಎಲ್ಲರೂ ದೂರ ಸರಿದ ಮೇಲೆಯೇ ಬ್ಯಾಟರಿ ಜೋಡಿಸಬೇಕು. ಬ್ಯಾಟರಿ ವೋಲ್ಟೇಜ್ ಇಳಿದಂತೆ ಎಳೆತವೂ ಇಳಿಯಬಹುದು. ಮೊದಲ ಹತ್ತು ಸೆಕೆಂಡಿನ ಸಂಖ್ಯೆ ನೋಡಿ ಖುಷಿಪಟ್ಟರೆ ಸಾಲದು, ಮೂರನೇ ನಿಮಿಷದ್ದನ್ನೂ ಬರೆದಿಡಬೇಕು.