ಅನಲಾಗ್ ಹಾರರ್: ನಂಬಿದ ಟಿವಿಯೇ ಹೆದರಿಸಿದಾಗ

ಹಳೇ ಟಿವಿ ಪ್ರಸಾರ, ವಿಎಚ್‌ಎಸ್ ಕ್ಯಾಸೆಟ್, ಕಂಪನಿಯ ತರಬೇತಿ ವಿಡಿಯೊ ಇಂಥವುಗಳ ವೇಷ ಹಾಕಿಕೊಂಡು ಬರುವ ಭಯದ ಕಥೆಗೆ ಅನಲಾಗ್ ಹಾರರ್ ಅನ್ನುತ್ತಾರೆ. ಹೆಚ್ಚಿನವು ಯೂಟ್ಯೂಬಿನಲ್ಲೇ ಹುಟ್ಟಿ ಬೆಳೆದ ಸರಣಿಗಳು. ಚಿತ್ರ ನಡುಗುತ್ತದೆ, ಬಣ್ಣ ಹರಡುತ್ತದೆ, ದನಿ ಎಳೆಯುತ್ತದೆ. ಇಷ್ಟು ನೋಡಿ, ಸುಮ್ನೆ ಫಿಲ್ಟರ್ ಹಾಕಿದ ದೆವ್ವದ ಕಥೆ ಅಂತ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಿಲ್ಟರ್ ಯಾರು ಬೇಕಾದರೂ ಹಾಕಬಹುದು. ನಾವು ನಂಬಿಕೊಂಡು ಬಂದ ದನಿಯೇ ಇದ್ದಕ್ಕಿದ್ದಂತೆ ಬೇರೇನೋ ಮಾತಾಡತೊಡಗುತ್ತದಲ್ಲ, ಇದರ ನಿಜವಾದ ಭಯ ಅಲ್ಲಿದೆ.

ಹೆಸರು ಬಂದದ್ದು ಲೋಕಲ್ 58 ಎಂಬ ಸರಣಿಯಿಂದ. ಅಮೆರಿಕದ ಕ್ರಿಸ್ ಸ್ಟ್ರಾಬ್ 2015ರಲ್ಲಿ ಶುರು ಮಾಡಿದ್ದು. ಎಲ್ಲಾ ಕಂತುಗಳೂ ಒಂದು ಕಾಲ್ಪನಿಕ ಟಿವಿ ಕೇಂದ್ರದ ಪ್ರಸಾರದ ಹಾಗಿವೆ. ‘476 ಮೆಗಾಹರ್ಟ್ಸ್‌ನಲ್ಲಿ ಅನಲಾಗ್ ಹಾರರ್’ ಎಂದು ಅದರ ಅಡಿಬರಹ. ಆ ಮಾತೇ ಮುಂದೆ ಇಂಥ ಎಲ್ಲಾ ಸರಣಿಗಳಿಗೂ ಅಂಟಿಕೊಂಡಿತು. ಮೊದಲ ಕಂತಿನಲ್ಲಿ ಹವಾಮಾನದ ತುರ್ತು ಸೂಚನೆ ಬರುತ್ತದೆ: ಮನೆಯೊಳಗೇ ಇರಿ, ಚಂದ್ರನನ್ನು ನೋಡಬೇಡಿ. ಸ್ವಲ್ಪ ಹೊತ್ತಿಗೆ ಅದೇ ಪರದೆ, ಚಂದ್ರನನ್ನು ನೋಡಿ ಅನ್ನುತ್ತದೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಯಾವ ಸೂಚನೆ ಅಸಲಿ ಅಂತ ನೋಡುವವರೇ ತೀರ್ಮಾನಿಸಬೇಕು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆಗ ಕೊಪ್ಪಳವೂ ಇದೇ ಜಿಲ್ಲೆಯಲ್ಲಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬಂದ ಕಾರ್ಯಕ್ರಮವನ್ನು ಊರಿನ ಸಾಮೂಹಿಕ ಟಿವಿ ಮುಂದೆ ಜನ ಒಟ್ಟಿಗೆ ಕೂತು ನೋಡಿದರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಈ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದೇ ಮೇಷ್ಟ್ರ ಹಾಗೆ. ಜೋಳದ ಬೀಜೋಪಚಾರ ಹೇಳಿಕೊಡುತ್ತಿದ್ದ ಆ ದನಿ ನಡುವೆ ತಡೆದು, ‘ಇವತ್ತು ರಾತ್ರಿ ಹೊಲದಲ್ಲಿ ನಿಂತವರು ಕರೆದರೆ ಓಗೊಡಬೇಡಿ’ ಅಂತ ಅದೇ ಸಮಾಧಾನದ ಧಾಟಿಯಲ್ಲಿ ಹೇಳಿ, ಮತ್ತೆ ಬೀಜದ ವಿಷಯಕ್ಕೇ ವಾಪಸ್ ಬಂದಿದ್ದರೆ ಹೇಗಿರುತ್ತಿತ್ತು? ಅನಲಾಗ್ ಹಾರರ್ ಅಂದರೆ ಹೆಚ್ಚುಕಡಿಮೆ ಅದೇ. ಇಂಥದ್ದೊಂದನ್ನು ಕನ್ನಡದಲ್ಲಿ, ನಮ್ಮ ಊರುಗಳನ್ನೇ ಇಟ್ಟುಕೊಂಡು ಯಾರಾದರೂ ಮಾಡಬೇಕು ಅಂತ ನನಗೆ ಬಹಳ ಆಸೆ.

ಹಳೇ ಟೇಪುಗಳ ಮೂಲಕವೇ ಕಥೆ ಹೇಳುವ ಅನಿಮೇಷನ್ ಸರಣಿ ಬೇಕು ಅಂದರೆ ದಿ ವಾಲ್ಟೆನ್ ಫೈಲ್ಸ್ ನೋಡಬೇಕು. ಚಿಲಿ ದೇಶದ ಮಾರ್ಟಿನ್ ವಾಲ್ಸ್ 2020ರಲ್ಲಿ ಆರಂಭಿಸಿದ್ದು. ಯಂತ್ರದ ಪ್ರಾಣಿಗೊಂಬೆಗಳು ಗಿರಾಕಿಗಳನ್ನು ರಂಜಿಸುವ ಬಾನ್ಸ್ ಬರ್ಗರ್ಸ್ ಎಂಬ ಹೋಟೆಲ್, ಅದನ್ನು ಕಟ್ಟಿದ ಗೆಳೆಯರು ಜಾಕ್ ವಾಲ್ಟೆನ್ ಮತ್ತು ಫೆಲಿಕ್ಸ್ ಕ್ರ್ಯಾಂಕೆನ್. ಮೊದಲ ಕಂತು ಕಂಪನಿಯ ಪರಿಚಯದ ಟೇಪು. ಆದರೆ ಕಥೆಯ ಬೇರು ಇರುವುದು 1974ರಲ್ಲಿ. ಫೆಲಿಕ್ಸ್ ಕುಡಿದು ಕಾರು ಓಡಿಸುತ್ತಾನೆ, ಜಾಕ್‌ನ ಇಬ್ಬರು ಮಕ್ಕಳು ಸಾಯುತ್ತಾರೆ, ಫೆಲಿಕ್ಸ್ ಅದನ್ನು ಮುಚ್ಚಿಡುತ್ತಾನೆ. ಇದನ್ನು ಯಾರೂ ನಮ್ಮನ್ನು ಕೂರಿಸಿಕೊಂಡು ಹೇಳುವುದಿಲ್ಲ. ಕಂಪನಿಯ ಹಸನ್ಮುಖದ ಮಾತುಗಳ ಸಂದಿಯಲ್ಲಿ ಚೂರುಚೂರಾಗಿ ಸಿಗುತ್ತದೆ, ನಾವೇ ಜೋಡಿಸಿಕೊಳ್ಳಬೇಕು. ಗೊಂಬೆಗಳಿಗಿಂತ ಆ ಮನೆಯವರ ದುಃಖವೇ ನನ್ನನ್ನು ಜಾಸ್ತಿ ಕಾಡಿದ್ದು.

ಟೇಪಿನ ಸ್ವಭಾವ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಹಿಡಿಸುತ್ತದೆ. ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ಚಿತ್ರ ಅದರ ಮೇಲೆ ಓರೆ ಗೆರೆಗಳಾಗಿ ಕೂತಿರುತ್ತದೆ. ನಮ್ಮಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ, ಕ್ಯಾಸೆಟ್ ಓಡಿಸುವ ವಿಸಿಆರ್ ಒಳಗಿನ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತಾ ಆ ಗೆರೆಗಳನ್ನು ಓದುತ್ತದೆ. ಡ್ರಮ್ಮಿನ ಮೇಲಿದ್ದು ಟೇಪು ಓದುವ ಪುಟ್ಟ ಭಾಗವೇ ಹೆಡ್; ಅದು ಗೆರೆ ತಪ್ಪಿದರೆ ಪರದೆಯಲ್ಲಿ ಅಡ್ಡಪಟ್ಟಿ. ಟೇಪಿನ ಲೇಪ ಉದುರಿದ ಕಡೆ ಬಿಳಿ ಗೀರು. ಕಾಪಿಯ ಕಾಪಿ ಮಾಡಿದಷ್ಟೂ ಮುಖಗಳು ಮಸುಕು.

ಹಳೇ ಮದುವೆ ಕ್ಯಾಸೆಟ್ಟೊಂದನ್ನು ಪೆನ್‌ಡ್ರೈವಿಗೆ ಹಾಕಿಸಲು ಸಿಂಧನೂರಿನ ಸ್ಟುಡಿಯೊ ಒಂದಕ್ಕೆ ಹೋಗಿದ್ದೆ. ಅಲ್ಲಿದ್ದ ಅಣ್ಣ ಹೆಡ್ ಒರೆಸಿ, “ರೀಲ್ ಉದುರಾಕತ್ತೈತ್ರಿ, ಒಂದ ಸಲ ಓಡಸ್ತೀನಿ, ಬಂದಷ್ಟ ಬರ್ಲಿ” ಅಂದರು. ಅಕ್ಕಿಕಾಳು ಹಾಕುವ ಹೊತ್ತಿಗೆ ಪಟ್ಟಿ ಕೆಳಗಿನಿಂದ ಏರತೊಡಗಿತು. ಹಂದರದಲ್ಲಿ ನಿಂತಿದ್ದ ಒಬ್ಬರ ಮುಖ ಪೂರ್ತಿ ಹರಡಿಹೋಯಿತು. ಕಣ್ಣು, ಬಾಯಿ ಇದ್ದ ಕಡೆ ಬರೀ ಕಪ್ಪು ಕಲೆ. ಅದು ಯಾರು ಅಂತ ಮನೆಯಲ್ಲಿ ಯಾರಿಗೂ ಗುರುತು ಹತ್ತಲಿಲ್ಲ. ಅನಲಾಗ್ ಹಾರರ್ ಮಾಡುವವರು ಇಂಥ ಮುಖವನ್ನೇ ಬೇಕಂತ ಕಟ್ಟುತ್ತಾರೆ. ಟೇಪು ಹಾಳಾದದ್ದೋ, ಆ ಮನುಷ್ಯನೇ ಹಾಗಿದ್ದನೋ ಅಂತ ನಿಮಗೆ ಕೊನೆಯವರೆಗೂ ಖಾತ್ರಿಯಾಗಬಾರದು, ಅಲ್ವಾ? ಒಬ್ಬರೇ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಸರಣಿ ಕಟ್ಟುವವರಿಗೆ ಈ ಮಸುಕು ದೊಡ್ಡ ಅನುಕೂಲ. ಪ್ರತಿ ಚಿತ್ರವನ್ನೂ ತಿದ್ದಿ ತೀಡಬೇಕಿಲ್ಲ, ಬಿಟ್ಟ ಜಾಗವನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ಹೊಸಬರು ಲೋಕಲ್ 58ರಿಂದ ಶುರು ಮಾಡಿ, ಕಂತುಗಳು ಚಿಕ್ಕವು. ಅಕ್ಷರಗಳು ಕ್ಷಣಮಾತ್ರ ಬಂದು ಹೋಗುತ್ತವೆ, ನಿಲ್ಲಿಸಿ ಓದಿ. ದಿ ವಾಲ್ಟೆನ್ ಫೈಲ್ಸ್ ಕಾರ್ಟೂನಿನ ಹಾಗೆ ಕಾಣುತ್ತದೆ, ಮೊಲದ ಗೊಂಬೆ ಇದೆ ಅಂತ ಸಣ್ಣ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.