ಸಿಎಲ್‌ಎಲ್: ಯಾವ ಮಾರ್ಕರ್ ಏನು ಹೇಳುತ್ತದೆ?

ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ (ಸಿಎಲ್‌ಎಲ್) ಎಂಬ ರಕ್ತದ ಕ್ಯಾನ್ಸರ್ ಇರುವ ಇಬ್ಬರ ಮೊದಲ ರಕ್ತ ಪರೀಕ್ಷೆ ಹೆಚ್ಚುಕಡಿಮೆ ಒಂದೇ ಥರ ಇರಬಹುದು. ಆದರೂ ಒಬ್ಬರಿಗೆ ಹತ್ತು ವರ್ಷವಾದರೂ ಔಷಧಿ ಬೇಕಾಗುವುದಿಲ್ಲ, ಇನ್ನೊಬ್ಬರಿಗೆ ಬೇಗನೆ ಬೇಕಾಗುತ್ತದೆ. ಈ ವ್ಯತ್ಯಾಸವನ್ನು ಮೊದಲೇ ತಿಳಿಯಲು ಮಾರ್ಕರ್‌ಗಳು, ಅಂದರೆ ಕಾಯಿಲೆಯ ದಾರಿ ಸೂಚಿಸುವ ಗುರುತುಗಳು ಬೇಕು.

ಮೊದಲು ಬಂದದ್ದು ಸ್ಟೇಜಿಂಗ್, ಅಂದರೆ ಕಾಯಿಲೆಯ ಹಂತ ಗುರುತಿಸುವುದು. ಜೋಧ್‌ಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಕಾಂತಿ ರೈ 1975ರಲ್ಲಿ ಇದನ್ನು ರೂಪಿಸಿದರು. ಗಂಟು, ಗುಲ್ಮ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಿದರೆ ಸಾಕು, ದುಬಾರಿ ಯಂತ್ರ ಬೇಡ. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅದು ಕಾಯಿಲೆ ಈಗ ಎಲ್ಲಿದೆ ಎಂದು ಹೇಳುತ್ತದೆ, ಎಷ್ಟು ಬೇಗ ಮುಂದುವರಿಯುತ್ತದೆ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಐಜಿಎಚ್‌ವಿ, ಅಂದರೆ ಆಂಟಿಬಾಡಿಯ ಒಂದು ಭಾಗವನ್ನು ರೂಪಿಸುವ ಜೀನ್. ಓದುವಾಗ ಎಲ್ಲರೂ ತಡವರಿಸುವ ಜಾಗ ಇದು, ಏಕೆಂದರೆ ಇಲ್ಲಿ ಮ್ಯುಟೇಶನ್ ಇದ್ದರೆ ಒಳ್ಳೆಯದು! ಬಿ ಜೀವಕೋಶ (ಸಿಎಲ್‌ಎಲ್ ಹುಟ್ಟುವ ಬಿಳಿ ರಕ್ತಕಣ) ಆಂಟಿಬಾಡಿಯನ್ನು ಹದಗೊಳಿಸುವಾಗ ಅದರ ಜೀನ್‌ನಲ್ಲಿ ಸಹಜವಾಗಿಯೇ ಬದಲಾವಣೆ ಮಾಡಿಕೊಳ್ಳುತ್ತದೆ. ಲ್ಯಾಬ್‌ನವರು ರೋಗಿಯ ಜೀನನ್ನು ಮೂಲ ಜೀನಿನ ಜೊತೆ ಅಕ್ಷರ ಅಕ್ಷರ ಹೋಲಿಸುತ್ತಾರೆ. ಸುಮಾರು 300 ಅಕ್ಷರದಲ್ಲಿ 15 ಬೇರೆ ಇದ್ದರೆ ಹೋಲಿಕೆ 95%, ಅದು ಮ್ಯುಟೇಟೆಡ್. 3 ಮಾತ್ರ ಬೇರೆ ಇದ್ದರೆ 99%, ಅದು ಅನ್‌ಮ್ಯುಟೇಟೆಡ್. ಗಡಿ 98%. ಅನ್‌ಮ್ಯುಟೇಟೆಡ್ ಜೀವಕೋಶದ ರಿಸೆಪ್ಟರ್ ಸುಲಭವಾಗಿ ಕೆರಳುತ್ತದೆ, ಹಾಗಾಗಿ ಅದು ಜಾಸ್ತಿ ವೇಗವಾಗಿ ಬೆಳೆಯುತ್ತದೆ. 1999ರಲ್ಲಿ ಇಂಗ್ಲೆಂಡಿನ ಹ್ಯಾಂಬ್ಲಿನ್ ತಂಡ ಆರಂಭದ ಹಂತದ ರೋಗಿಗಳಲ್ಲೇ ಇದನ್ನು ತೋರಿಸಿತು. ಮಧ್ಯಮ ಬದುಕುಳಿಯುವ ಅವಧಿ (ಅರ್ಧದಷ್ಟು ರೋಗಿಗಳು ಇದಕ್ಕಿಂತ ಹೆಚ್ಚು ಬದುಕುತ್ತಾರೆ) ಅನ್‌ಮ್ಯುಟೇಟೆಡ್ ಗುಂಪಿನಲ್ಲಿ 95 ತಿಂಗಳು, ಮ್ಯುಟೇಟೆಡ್ ಗುಂಪಿನಲ್ಲಿ 293 ತಿಂಗಳು. ಸ್ಟೇಜ್ ಒಂದೇ, ಅಂತರ ಮಾತ್ರ ಇಷ್ಟು ದೊಡ್ಡದು!

ಮುಂದಿನದು ಫಿಶ್ ಪರೀಕ್ಷೆ, ಕ್ರೋಮೋಸೋಮಿನ ತುಂಡು ಕಾಣೆಯಾಗಿದೆಯೇ ಎಂದು ನೋಡುವುದು. ಬಣ್ಣದ ಪ್ರೋಬ್ ಹಾಕಿ ನೋಡಿದರೆ, ಸಾಮಾನ್ಯ ಜೀವಕೋಶದಲ್ಲಿ ಟಿಪಿ53 ಜೀನಿಗೆ ಎರಡು ಚುಕ್ಕೆ ಕಾಣುತ್ತವೆ. ಒಂದೇ ಕಂಡರೆ ಟಿಪಿ53 ಇರುವ 17ಪಿ (17ನೇ ಕ್ರೋಮೋಸೋಮಿನ ಗಿಡ್ಡ ತೋಳು) ತುಂಡು ಬಿದ್ದುಹೋಗಿದೆ ಎಂದರ್ಥ. ಹಾಳಾದ ಡಿಎನ್‌ಎ ಇರುವ ಜೀವಕೋಶವನ್ನು ಸಾಯಿಸುವುದು ಟಿಪಿ53ರ ಕೆಲಸ. ಕೀಮೋ ಕ್ಯಾನ್ಸರ್ ಜೀವಕೋಶವನ್ನು ಕೊಲ್ಲುವುದೂ ಬಹುಮಟ್ಟಿಗೆ ಆ ದಾರಿಯಲ್ಲೇ. ಅದೇ ಇಲ್ಲದಿದ್ದರೆ ಕೀಮೋ ಕೆಲಸ ಮಾಡುವುದು ಹೇಗೆ, ಅಲ್ವಾ? 2000ದಲ್ಲಿ ಜರ್ಮನಿಯ ವಿಜ್ಞಾನಿ ಡೋನರ್ ಅವರ ತಂಡ 325 ರೋಗಿಗಳಲ್ಲಿ ಕಂಡದ್ದು: 17ಪಿ ಹೋದವರಿಗೆ ಮಧ್ಯಮ ಅವಧಿ 32 ತಿಂಗಳು, 13ಕ್ಯೂ (13ನೇ ಕ್ರೋಮೋಸೋಮಿನ ಉದ್ದ ತೋಳಿನ ತುಂಡು) ಮಾತ್ರ ಹೋದವರಿಗೆ 133. ಇವು ಕೀಮೋ ಕಾಲದ ಅಂಕಿಗಳು. ಐಬ್ರುಟಿನಿಬ್, ವೆನೆಟೊಕ್ಲಾಕ್ಸ್ ಎಂಬ ಹೊಸ ಔಷಧಿಗಳು ಬಂದ ಮೇಲೆ 17ಪಿ ಹೋದವರ ಸ್ಥಿತಿ ತುಂಬಾ ಸುಧಾರಿಸಿದೆ. ಹಾಗಾಗಿ ಈ ತಿಂಗಳ ಲೆಕ್ಕವನ್ನು ಇಂದಿನ ರೋಗಿಯ ಮುಂದೆ ಹಾಗೇ ಒಪ್ಪಿಸಬಾರದು. ಇನ್ನೊಂದು ಮಾತು: ಫಿಶ್ ಸರಿ ಇದ್ದರೂ ಟಿಪಿ53 ಒಳಗೆ ಸಣ್ಣ ಮ್ಯುಟೇಶನ್ ಇರಬಹುದು. ಅದಕ್ಕೆ ಸೀಕ್ವೆನ್ಸಿಂಗ್, ಅಂದರೆ ಜೀನನ್ನು ಅಕ್ಷರ ಅಕ್ಷರ ಓದುವ ಪರೀಕ್ಷೆ ಬೇಕು.

ಇಲ್ಲಿ ನೆನಪಿಡಬೇಕಾದ ದೊಡ್ಡ ವಿಷಯ ಇದು. ಐಜಿಎಚ್‌ವಿ ಬದಲಾಗುವುದಿಲ್ಲ, ಒಮ್ಮೆ ಮಾಡಿಸಿದರೆ ಸಾಕು. ಟಿಪಿ53 ಬದಲಾಗಬಹುದು, ಏಕೆಂದರೆ ಚಿಕಿತ್ಸೆ ತಡೆದುಕೊಂಡ ಜೀವಕೋಶಗಳೇ ಆಮೇಲೆ ಹೆಚ್ಚುತ್ತವೆ. ಆದ್ದರಿಂದ ಪ್ರತಿ ಹೊಸ ಚಿಕಿತ್ಸೆಗೆ ಮೊದಲು ಮತ್ತೆ ಮಾಡಿಸಬೇಕು. ಹಳೆಯ ವರದಿ ನೋಡಿ ಔಷಧಿ ಆರಿಸುವುದು ಅಪಾಯ.

ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುವುದು 2016ರ ಸಿಎಲ್‌ಎಲ್-ಐಪಿಐ ಎಂಬ ಅಂಕಪಟ್ಟಿ. ಟಿಪಿ53 ದೋಷಕ್ಕೆ 4 ಅಂಕ, ಅನ್‌ಮ್ಯುಟೇಟೆಡ್‌ಗೆ 2, ರಕ್ತದಲ್ಲಿನ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಲೀಟರಿಗೆ 3.5 ಮಿ.ಗ್ರಾಂ ದಾಟಿದರೆ 2, ವಯಸ್ಸು 65 ದಾಟಿದರೆ 1, ಸ್ಟೇಜ್ ಮುಂದುವರಿದಿದ್ದರೆ 1. ಉದಾಹರಣೆಗೆ 70 ವರ್ಷದವರು, ಆರಂಭದ ಹಂತ, ಅನ್‌ಮ್ಯುಟೇಟೆಡ್, ಬೀಟಾ-2 4.1, ಟಿಪಿ53 ಸರಿ ಇದೆ. ಒಟ್ಟು 5, ಅಂದರೆ ಹೆಚ್ಚಿನ ಅಪಾಯದ ಗುಂಪು. ಆದರೂ ತೊಂದರೆ ಇಲ್ಲದಿದ್ದರೆ, ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಬೀಳದಿದ್ದರೆ, ಇವರಿಗೂ ಸದ್ಯಕ್ಕೆ ಚಿಕಿತ್ಸೆ ಶುರು ಮಾಡುವುದಿಲ್ಲ. ಬರೇ ಅಂಕ ನೋಡಿ ಔಷಧಿ ಕೊಡುವ ಪದ್ಧತಿ ಇಲ್ಲ. ಸ್ವಲ್ಪ ಬೇಗ ಬೇಗ ಕರೆಸಿ ನೋಡುತ್ತಾರೆ, ಅಷ್ಟೇ.