ಪ್ರಾಣಿ ಹಿಂಸೆಗೆ ಐವತ್ತು ರೂಪಾಯಿ ದಂಡ: ರಾಜ್ಯವೇ ತಿದ್ದಬಹುದು

ಬೀದಿನಾಯಿಗೆ ಕುದಿಯುವ ನೀರು ಎರಚಿದವನಿಗೆ ಶಿಕ್ಷೆ ಏನಾಗುತ್ತದೆ ಎಂದು ಕೇಳಿಕೊಂಡು ಬರುವವರಿಗೆ ಉತ್ತರ ಹೇಳುವಾಗ, ವಕೀಲೆಯಾಗಿ ನನಗೆ ಇಂದಿಗೂ ಸಂಕಟವಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡ ಏರಿಸಬೇಕು, ಸರಿ. ಆದರೆ ಕೇಸು ಬಿದ್ದುಹೋಗುವುದು ಅದಕ್ಕೂ ಮೊದಲೇ, ಠಾಣೆಯಲ್ಲಿ. ಈ ಸೆಕ್ಷನ್ನಿನ ಬಹುಪಾಲು ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್ (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧದ ದೂರಿನ ದಾಖಲೆ) ಬರೆದು ಕಳಿಸುತ್ತಾರೆ. ಅಷ್ಟರಲ್ಲಿ ಗಾಯ ಮಾಯುತ್ತದೆ, ಸಾಕ್ಷಿ ಹೇಳಬೇಕಾದ ನೆರೆಯವರು ಹಿಂದೆ ಸರಿಯುತ್ತಾರೆ. ಘಟನೆ ನಡೆದು ಮೂರು ತಿಂಗಳು ಕಳೆದರೆ ಅದೇ ಕಾಯ್ದೆಯ 36ನೇ ಸೆಕ್ಷನ್ ಮೊಕದ್ದಮೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಸ್ವಲ್ಪ ಆಸರೆ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಪ್ರಾಣಿಯ ಬೆಲೆ ಇಂತಿಷ್ಟಿರಬೇಕು ಎಂಬ ಹಳೆಯ ಷರತ್ತೂ ಹೋಗಿದೆ. ಹಾಗಾಗಿ ಸತ್ತ ನಾಯಿಯನ್ನು ಮರಣೋತ್ತರ ಪರೀಕ್ಷೆ ಆಗುವ ಮೊದಲು ದಯವಿಟ್ಟು ಹೂಳಬೇಡಿ. ಗಾಯವಾಗಿದ್ದರೆ ಪಶುವೈದ್ಯರಿಂದ ಬರಹದಲ್ಲಿ ವರದಿ ಪಡೆಯಿರಿ, ದೂರಿನಲ್ಲಿ 325 ಎಂದು ಕಾಣಿಸಿ. ಆದರೂ ಇದು ಮೂಲತಃ ಆಸ್ತಿಗೆ ಮಾಡುವ ಹಾನಿಯ ಅಧ್ಯಾಯದಲ್ಲಿರುವ ಅಪರಾಧ. ಬೀದಿನಾಯಿ ಯಾರ ಆಸ್ತಿ ಎಂಬ ವಾದಕ್ಕೆ ಅವಕಾಶ ಉಳಿದೇ ಇದೆ. ದಿನಗಟ್ಟಲೆ ಅನ್ನನೀರಿಲ್ಲದೆ ಕಟ್ಟಿಹಾಕಿದರೆ ಮತ್ತದೇ 11ನೇ ಸೆಕ್ಷನ್.

ಕೇಂದ್ರದ ಕಾಯ್ದೆ, ನಾವೇನು ಮಾಡಲಾದೀತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಾಣಿ ಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಕಂಬಳಕ್ಕಾಗಿ ನಮ್ಮ ವಿಧಾನಮಂಡಲ ಇದೇ 1960ರ ಕಾಯ್ದೆಗೆ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಶಿಕ್ಷೆ ಹೆಚ್ಚಿಸುವುದಕ್ಕೂ ಹಾದಿ ಇದೇ. ನಿಮ್ಮ ಶಾಸಕರಿಗೆ ಮನವಿ ಕೊಡುವಾಗ ದಂಡದ ಮೊತ್ತವೊಂದನ್ನೇ ಬರೆಯಬೇಡಿ. ಪೊಲೀಸರು ನೇರವಾಗಿ ಕೇಸು ದಾಖಲಿಸುವಂತಾಗಬೇಕು, ಮೂರು ತಿಂಗಳ ಗಡುವು ಕನಿಷ್ಠ ಒಂದು ವರ್ಷವಾಗಬೇಕು ಎಂದೂ ಸೇರಿಸಿ.